ಕಡಲಹಸು ಮೇಯುವ ಜಾಗ

ಬೈಲಹೊಂಗಲ
6 ಅಕ್ಟೋಬರ್ 2024

ಮಗಳೇ ಸುಚೇತಾ,

ನೀನಿರುವ ದ್ವೀಪಗಳ ರಾಜಧಾನಿಗೆ ಹೊಸ ಹೆಸರು ಇಟ್ಟರಂತೆ. ಪೋರ್ಟ್ ಬ್ಲೇರ್ ಎಂದು ಬರೆದರೆ ಅಂಚೆಯವರಿಗೆ ಸಿಟ್ಟು ಬರುತ್ತದೋ, ಶ್ರೀವಿಜಯಪುರಂ ಎಂದು ಬರೆದರೆ ಪತ್ರವೇ ಕಳೆದುಹೋಗುತ್ತದೋ ತಿಳಿಯದೆ ವಿಳಾಸದಲ್ಲಿ ಎರಡನ್ನೂ ಬರೆದಿದ್ದೇನೆ. ಹೆಸರು ಬದಲಿಸುವುದರಲ್ಲಿ ನಮ್ಮ ಸರಕಾರಗಳಿಗೆ ಇರುವ ಚುರುಕು ಚರಂಡಿ ಬಳಿಯುವುದರಲ್ಲಿ ಇದ್ದಿದ್ದರೆ ಬೈಲಹೊಂಗಲದ ಪೇಟೆಯಲ್ಲಿ ಮೂಗು ಮುಚ್ಚದೆ ನಡೆಯಬಹುದಿತ್ತು. ಇದನ್ನೇ ಹೋದ ವಾರ ನಮ್ಮ ವಾರಪತ್ರಿಕೆಗೂ ಬರೆದೆ. ‘ಮರೆಯದ ನಾಗರಿಕ’ ಎಂಬ ಸಹಿಯಲ್ಲಿ ಬರೆಯತೊಡಗಿ ಈಗ ನಲವತ್ತೊಂದು ವರ್ಷ.

ಹುಬ್ಬಳ್ಳಿಯ ಡಾಕ್ಟರು ಎಡಗಿವಿಯ ಆಸೆಯನ್ನು ಬಿಡಲು ಹೇಳಿದರು. ಬಲಗಿವಿಗೆ ಬಾಯಿ ಹಚ್ಚಿ ಕೂಗಿದರೆ ಅರ್ಧ ಕೇಳುತ್ತದೆ, ಫೋನು ಕೇಳುವುದೇ ಇಲ್ಲ. ಇನ್ನು ಫೋನು ನಿನ್ನ ಕಾಕು ಲೀಲಾಳಿಗೆ, ಪತ್ರ ನನಗೆ. ಲೀಲಾ ಕೂಗಿ ಹೇಳಿದಳು: “ಆಕಿ ಅಲ್ಲಿ ಮೀನಿನ ಜೋಡಿ ಮಾತಾಡ್ತಾಳ, ನೀವು ಇಲ್ಲಿ ಕಾಗದದ ಜೋಡಿ ಮಾತಾಡ್ರಿ. ನಾ ಒಬ್ಬಾಕಿ ಗ್ವಾಡಿ ಜೋಡಿ ಮಾತಾಡ್ಕೋತ ಕುಂದರ್ತೇನಿ.”

ನೀನು ಮುಳುಗುಗಾರ್ತಿಯಾಗಿ ಮೂರು ವರ್ಷವಾಯಿತು. ಸಂಪಗಾಂವದ ಬಾವಿಯಲ್ಲಿ ನಿನ್ನ ಸೊಂಟಕ್ಕೆ ಹಗ್ಗ ಕಟ್ಟಿ ಈಜು ಕಲಿಸಿದವನು ನಾನು. ಆದರೆ ಕಡಲೊಳಗೆ ಏನಿದೆ ಎಂದು ನನಗಿನ್ನೂ ಗೊತ್ತಿಲ್ಲ. ಇಲ್ಲಿನ ಗ್ರಂಥಾಲಯದಲ್ಲಿ ಸಮುದ್ರದ ಬಗ್ಗೆ ಎರಡು ಪುಸ್ತಕಗಳಿವೆ, ಎರಡೂ ನೀನು ಹುಟ್ಟುವ ಮೊದಲು ಅಚ್ಚಾದವು. ಬರೆ. ಭಾನುವಾರ ನಾವಿಬ್ಬರೂ ತಾಲೂಕಿನ ನಕ್ಷೆಯನ್ನು ನೆಲಕ್ಕೆ ಹಾಸಿ ಆಡುತ್ತಿದ್ದೆವಲ್ಲ, ನಾನು ಊರಿನ ಹೆಸರು ಹೇಳದೆ ಹಳ್ಳ, ಗುಡ್ಡ, ದಿಕ್ಕು ಹೇಳುವುದು, ನೀನು ಬೆರಳಿಟ್ಟು ತೋರಿಸುವುದು. ಹಾಗೆ ಬರೆದರೆ ನನಗೆ ಕಾಣುತ್ತದೆ.

ನಿನ್ನ ಕಾಕಾ
ದಿಗಂಬರ

*

ನೀಲ್ ದ್ವೀಪ
27 ಅಕ್ಟೋಬರ್ 2024

ಪ್ರೀತಿಯ ಕಾಕಾ,

ನೀರಿಗಿಳಿದ ಕೂಡಲೇ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ನಮ್ಮದೇ ಉಸಿರು ತಿದಿಯ ಹಾಗೆ ಕೇಳುತ್ತದೆ. ಆಮೇಲೆ ಬಣ್ಣಗಳು ಒಂದೊಂದಾಗಿ ಹೋಗುತ್ತವೆ. ಐದಾರು ಮೀಟರಿಗೆ ಕೆಂಪು ಕಪ್ಪಾಗುತ್ತದೆ, ಹದಿನೆಂಟಕ್ಕೆ ನನ್ನ ಕೈಯೇ ಬೂದಿ ಬಳಿದಂತೆ ಕಾಣುತ್ತದೆ. ದೀಪ ಹಚ್ಚಿದರೆ ಬಂಡೆಯ ಮೇಲಿನ ಹವಳ ಒಮ್ಮೆಲೇ ಕೆಂಪು, ಹಳದಿ. ಗಿಳಿಮೀನುಗಳು ಹವಳ ಕಡಿಯುವ ಸದ್ದು ಯಾರೋ ಕಲ್ಲುಸಕ್ಕರೆ ಅಗಿದಂತೆ.

ಇದು ಪ್ರವಾಸಿಗಳಿಗೆ ನಾನು ಹೇಳುವ ಮಾತು. ಹೇಳದ್ದನ್ನು ನಿಮಗೆ ಬರೆಯುತ್ತೇನೆ. ಈ ಬೇಸಿಗೆಯಲ್ಲಿ ನೀರು ಬಿಸಿಯಾಗಿ ಹವಳ ಬಿಳಿಚಿಹೋಯಿತು. ನಾವು ದಿನಾ ಇಳಿಯುವ ಬಂಡೆಯಲ್ಲಿ ಅರ್ಧಕ್ಕರ್ಧ ಸುಣ್ಣದ ಹಾಗೆ ನಿಂತಿದೆ. ಬಂದವರು ಎಷ್ಟು ಚೆಂದ, ಎಷ್ಟು ಬಿಳಿ ಎಂದು ಫೋಟೋ ತೆಗೆಯುತ್ತಾರೆ. ಅದು ಸಾಯುತ್ತಿರುವ ಬಣ್ಣ ಎಂದು ಹೇಳಬಾರದೆಂದು ನಮ್ಮ ಯಜಮಾನರ ಕಟ್ಟಪ್ಪಣೆ.

ಆದರೂ ನಾನು ಇಲ್ಲಿಂದ ಹೊರಡದೆ ಇರುವುದಕ್ಕೆ ಒಂದು ಕಾರಣವಿದೆ. ಒಂದು ಕೊಲ್ಲಿಯಲ್ಲಿ ಕಡಲಹುಲ್ಲಿನ ಬಯಲಿದೆ. ಅಲ್ಲಿ ಒಂದು ಕಡಲಹಸು ಮೇಯುತ್ತದೆ. ಎಮ್ಮೆಯಷ್ಟು ಗಾತ್ರ, ಬೂದು ಮೈ, ಮೀಸೆ ಇರುವ ದಪ್ಪ ಮೂತಿ. ನಾಲ್ಕೈದು ನಿಮಿಷಕ್ಕೊಮ್ಮೆ ಮೇಲೆ ಬಂದು ಉಸಿರಾಡಿ ಮತ್ತೆ ಮೇಯಲು ಹೋಗುತ್ತದೆ. ಮೇದಲ್ಲೆಲ್ಲ ನೇಗಿಲ ಸಾಲಿನಂತೆ ಮರಳಿನ ಗೆರೆ. ಈ ಸಲ ಅದರ ಜೊತೆ ಮರಿ ಇದೆ, ತಾಯಿಯ ಬೆನ್ನಿನ ಮೇಲೇ ತೇಲುತ್ತಿರುತ್ತದೆ. ಇವು ಈ ದ್ವೀಪಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ನಮ್ಮ ಡುಂಗಿ ಎಂಬ ಸಣ್ಣ ದೋಣಿ ನಡೆಸುವ ಬಂಗಾಳಿ ಮುದುಕ ದಾದಾ ಇದನ್ನು ನೀರಹಂದಿ ಎನ್ನುತ್ತಾನೆ. ಆದರೆ ದೂರದಲ್ಲೇ ಎಂಜಿನ್ ಆರಿಸಿ, ಬಿದಿರಿನ ಗಳ ಊರಿ ದೋಣಿಯನ್ನು ಒಳಗೆ ತರುತ್ತಾನೆ.

ಈ ಜಾಗ ಐದು ಜನರಿಗೆ ಗೊತ್ತು. ಡುಂಗಿಯಲ್ಲಿ ನಲವತ್ತು ನಿಮಿಷ. ಬೆನ್ನ ಹಿಂದೆ ದೀಪಸ್ತಂಭವೂ ಮುರಿದ ಜೆಟ್ಟಿಯೂ ಒಂದೇ ಗೆರೆಗೆ ಬರುತ್ತವೆ. ಒಂಬತ್ತರವರೆಗೆ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಇಳಿತವಿದ್ದಾಗ ಹುಲ್ಲಿನ ತುದಿ ನೀರಿನ ಮೇಲೆ ಆಡುತ್ತದೆ. ಹೆಸರು ಮಾತ್ರ ಬರೆಯುವುದಿಲ್ಲ.

ಸುಚೇತಾ

*

ಬೈಲಹೊಂಗಲ
18 ನವೆಂಬರ್ 2024

ಮಗಳೇ,

ಕಂಡುಹಿಡಿದೆ.

ಎರಡು ದಿನ ಹಿಡಿಯಿತು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರ ತೆಗೆಸಿ, ದೀಪಸ್ತಂಭದಿಂದ ಜೆಟ್ಟಿಗೆ ಗೆರೆ ಎಳೆದು ಮುಂದಕ್ಕೆ ಓಡಿಸಿದೆ. ಮುಂಜಾನೆಯ ಬಿಸಿಲು ಮುಖಕ್ಕೆ ಎಂದರೆ ಹೋಗುವುದು ಮೂಡಣಕ್ಕೆ. ಡುಂಗಿಯ ವೇಗ ಗಂಟೆಗೆ ಹತ್ತು ಕಿಲೋಮೀಟರ್ ಎಂದು ಹಿಡಿದೆ. ಆ ಗೆರೆಯ ಮೇಲೆ, ಆ ದೂರದಲ್ಲಿ, ಹಸಿರು ಕಾಣುವ ಆಳವಿಲ್ಲದ ಕೊಲ್ಲಿ ಒಂದೇ ಒಂದು. ಇದರ ಜೊತೆ ನಕ್ಷೆ ಇಟ್ಟಿದ್ದೇನೆ, ಕೆಂಪು ಮಸಿಯ ಚುಕ್ಕೆ ನೋಡು. ಮೂವತ್ತಾರು ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದವನಿಗೆ ನೀನು ಇದಕ್ಕಿಂತ ಕಠಿಣವಾದದ್ದನ್ನು ಕೊಡಬೇಕಿತ್ತು.

ಈಗ ಒಂದು ಹಳೆಯ ಸಂಗತಿ. 1974ರಲ್ಲಿ ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಎರೆಹೊಲಗಳನ್ನು ಅಳೆಯುತ್ತಿದ್ದೆವು. ಅಲ್ಲಿ ದಿನವೂ ನಾಲ್ಕು ಎರೆಭೂತ ಹಕ್ಕಿಗಳು ಕಾಣುತ್ತಿದ್ದವು. ಎದೆಮಟ್ಟ ಎತ್ತರ, ಕುರಿಯಷ್ಟು ತೂಕ, ನಡೆದರೆ ಗೌಡರ ಗತ್ತು. ನಮಗೆಲ್ಲ ಗೊತ್ತಿತ್ತು, ಯಾರೂ ಎಲ್ಲೂ ಬರೆಯಲಿಲ್ಲ. ಹೊಲದ ಹಕ್ಕಿಯ ಬಗ್ಗೆ ಏನು ಬರೆಯುವುದು ಎಂದುಕೊಂಡೆವು. ಹತ್ತು ವರ್ಷದಲ್ಲಿ ನಾಲ್ಕೂ ಇಲ್ಲ. ಇವತ್ತು ಸಾಲಹಳ್ಳಿಯ ಹುಡುಗರಿಗೆ ಅಂಥ ಹಕ್ಕಿ ಇತ್ತೆಂದರೆ ನಗುತ್ತಾರೆ. ಅಧಿಕಾರಿಗಳು ಏನೂ ಮಾಡಲಿಲ್ಲ, ಏಕೆಂದರೆ ಅದು ಇದೆ ಎಂದು ಅವರ ಕಿವಿ ಹಿಂಡಿ ಹೇಳುವವರು ಯಾರೂ ಇರಲಿಲ್ಲ. ಆಗ ನನಗೆ ಇಪ್ಪತ್ತಾರು. ಸುಮ್ಮನಿದ್ದೆ.

ಈ ಸಲ ಸುಮ್ಮನಿರುವುದಿಲ್ಲ.

ದಿಗಂಬರ ಕಾಕಾ

*

ನೀಲ್ ದ್ವೀಪ
8 ಡಿಸೆಂಬರ್ 2024

ಕಾಕಾ,

ನಿಮ್ಮ ಪತ್ರ ಇವತ್ತು ಬಂತು. ಅದು ಆಟವಾಗಿರಲಿಲ್ಲ. ನಾನು ಹೆಸರು ಬಿಟ್ಟಿದ್ದು ನೀವು ಕಂಡುಹಿಡಿಯಲಿ ಎಂದಲ್ಲ. ಆದರೆ ನೀವು ಚುಕ್ಕೆ ಇಟ್ಟ ಜಾಗ ಸರಿ, ನೂರು ಮೀಟರು ಕೂಡ ತಪ್ಪಿಲ್ಲ. ತಪ್ಪು ನನ್ನದು, ಅಷ್ಟೆಲ್ಲ ಬರೆಯಬಾರದಿತ್ತು. ನಿಮಗೆ ಬರೆಯುವಾಗ ನನಗೆ ಎಚ್ಚರವೇ ಇರುವುದಿಲ್ಲ.

ಯಾರಿಗೂ ಹೇಳಬೇಡಿ. ಆ ನಕ್ಷೆಯ ಇನ್ನೊಂದು ಪ್ರತಿ ಇದ್ದರೆ ಸುಟ್ಟುಬಿಡಿ. ಮರಿಗೆ ಇನ್ನೂ ನಾಲ್ಕು ತಿಂಗಳಿಲ್ಲ, ಒಂದೂವರೆ ವರ್ಷ ಅದಕ್ಕೆ ತಾಯಿಯ ಹಾಲು ಬೇಕು. ಇಲ್ಲಿ ಜನವರಿ ಎಂದರೆ ಪ್ರವಾಸಿಗಳ ನೂಕುನುಗ್ಗಲು.

ಗಾಬರಿಯಲ್ಲಿ ಕಾಕುವಿಗೆ ಫೋನು ಮಾಡಿದೆ. ಅವರು ನಕ್ಕರು. “ಯಾರ ಮುಂದ ಹೇಳ್ತಾರವ್ವ ಅವರು. ಮಂದಿ ಮಾತಾಡಿದ್ದು ಅವರಿಗಿ ಕೇಳಸೂದಿಲ್ಲ, ಅವರ ಮಾತು ಮಂದಿಗಿ ಬೇಕಾಗಿಲ್ಲ” ಎಂದರು. ಸ್ವಲ್ಪ ಸಮಾಧಾನವಾಯಿತು.

ಸುಚೇತಾ

*

ಬೈಲಹೊಂಗಲ
23 ಡಿಸೆಂಬರ್ 2024

ಮಗಳೇ,

ನಕ್ಷೆ ಸುಟ್ಟೆ. ನೀನು ಚಿಂತೆ ಮಾಡಬೇಡ.

ಇಲ್ಲಿ ಚಳಿ. ಲೀಲಾಳ ಮೊಣಕಾಲು ಹಿಡಿದಿದೆ. ಕಿತ್ತೂರಿನಲ್ಲಿ ಪುಸ್ತಕಗಳ ಸಂತೆ ಇತ್ತು, ಹೋಗಲಿಲ್ಲ. ಯರಗಟ್ಟಿಯ ಹತ್ತಿ ವ್ಯಾಪಾರದ ಅಡತಿ ಅಂಗಡಿಗಳವರು ಇಪ್ಪತ್ತೆರಡು ಜನ ಕುಟುಂಬಸಮೇತ ಅಂಡಮಾನಿಗೆ ಬರುತ್ತಿದ್ದಾರೆ, ಜನವರಿ ಹತ್ತಕ್ಕೆ ಹೊರಡುತ್ತಾರೆ. ಅವರಲ್ಲಿ ಸೋಮಪ್ಪ ಎಂಬವನ ಕೈಯಲ್ಲಿ ನಿನಗೆ ಶೇಂಗಾ ಚಟ್ನಿ ಕಳಿಸಿದ್ದೇನೆ. ಅವರು ಸಾಮಾನ್ಯ ಪ್ರವಾಸಿಗಳು, ಜೈಲು ನೋಡುತ್ತಾರೆ, ದಂಡೆ ನೋಡುತ್ತಾರೆ, ಹೋಗುತ್ತಾರೆ. ನಿನ್ನ ಪಾಡಿಗೆ ನೀನಿರು.

ಕಾಕಾ

*

ನೀಲ್ ದ್ವೀಪ
21 ಜನವರಿ 2025

ಕಾಕಾ,

ಚಟ್ನಿ ಮುಟ್ಟಿತು.

ಕಡಲಹಸು ಸತ್ತಿತು. ಹೇಗೆ ಎಂದು ಬರೆಯುತ್ತೇನೆ, ಒಂದೇ ಸಲ ಬರೆದು ಮುಗಿಸುತ್ತೇನೆ.

ಹದಿನೈದನೆಯ ತಾರೀಖು ಬೆಳಿಗ್ಗೆ ನಾನು ಇಬ್ಬರು ಅತಿಥಿಗಳನ್ನು ಆ ಕೊಲ್ಲಿಯ ಬಾಯಲ್ಲಿರುವ ಬಂಡೆಗೇ ಮುಳುಗಿಸಲು ಕರೆದೊಯ್ದಿದ್ದೆ. ಹದಿನೆಂಟು ಮೀಟರು ಆಳದಲ್ಲಿದ್ದೆವು. ಎಂಜಿನ್ ಸದ್ದು ಕೇಳಿತು, ಒಂದಲ್ಲ ಎರಡು, ದಾದಾನ ಡುಂಗಿಯದಲ್ಲ, ದೊಡ್ಡವು. ನೀರೊಳಗೆ ಸದ್ದಿಗೆ ದಿಕ್ಕಿಲ್ಲ ಕಾಕಾ, ಎಲ್ಲ ಕಡೆಯಿಂದಲೂ ಬರುತ್ತದೆ. ಆದರೆ ಅವು ಎಲ್ಲಿಗೆ ಹೋಗುತ್ತಿವೆ ಎಂದು ನನಗೆ ಗೊತ್ತಿತ್ತು. ಮೇಲೆ ಹೊರಟೆವು. ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು, ಇಲ್ಲದಿದ್ದರೆ ರಕ್ತದಲ್ಲಿ ಗಾಳಿ ಗುಳ್ಳೆಯಾಗಿ ಮನುಷ್ಯ ಸಾಯಬಹುದು. ಅತಿಥಿಗಳು ನನ್ನ ಜವಾಬ್ದಾರಿ. ಅವರ ಕೈ ಹಿಡಿದುಕೊಂಡು ಗಡಿಯಾರ ನೋಡುತ್ತ ನಿಂತೆ. ಸದ್ದು ಸುತ್ತು ಹಾಕುತ್ತಿತ್ತು. ಎರಡನೆಯ ನಿಮಿಷದಲ್ಲಿ ಅದರ ಸ್ವರ ಒಮ್ಮೆ ಮುರಿಯಿತು, ಮತ್ತೆ ಸರಿಯಾಯಿತು.

ಮೇಲೆ ಬಂದಾಗ ದಾದಾ ಡುಂಗಿಯಲ್ಲಿ ನಿಂತು ಲುಂಗಿ ಬಿಚ್ಚಿ ಬೀಸುತ್ತಿದ್ದ. ಎರಡು ವೇಗದ ದೋಣಿಗಳಲ್ಲಿ ನಿಮ್ಮ ಯರಗಟ್ಟಿಯವರು. ನಾಲ್ಕು ಹೆಣ್ಣುಮಕ್ಕಳ ಕೈಯಲ್ಲಿ ಕುಂಕುಮದ ಬಟ್ಟಲು, ಬಾಳೆಹಣ್ಣು. ಹಸುವಿಗೆ ಕುಂಕುಮ ಹಚ್ಚಬೇಕು, ಹಣ್ಣು ತಿನಿಸಬೇಕು. “ಇತ್ತಾಗ ಬಂತ ನೋಡ್ರಿ, ಇತ್ತಾಗ ಹೊಡೀರಿ ಬೋಟ” ಎಂದು ಒಬ್ಬರು ಇನ್ನೂ ಕೂಗುತ್ತಿದ್ದರು. ತಾಯಿ ಉಸಿರಿಗೆ ಮೇಲೆ ಬಂದದ್ದು ಎರಡು ದೋಣಿಗಳ ನಡುವೆ. ಬೆನ್ನಿನ ಮೇಲೆ ಎಂಜಿನ್ ರೆಕ್ಕೆ ಕೊಯ್ದ ಏಳು ಗಾಯ, ಒಂದರ ಪಕ್ಕ ಒಂದು, ಕುಡುಗೋಲಿನಿಂದ ಅಳೆದು ಹಾಕಿದಂತೆ. ಮರುದಿನ ಮಧ್ಯಾಹ್ನದವರೆಗೆ ಜೀವ ಹಿಡಿದಿತ್ತು.

ಸೋಮಪ್ಪನ ತಾಯಿ ಗುರುಬಸವ್ವ ನನ್ನ ಕೈ ಹಿಡಿದು ಅತ್ತರು. “ತಪ್ಪಾತ ಯವ್ವಾ. ಆಕಳ ಅಂತ ಬಂದ್ವಿ. ಕೂಸು ಉಳೀತೈತೇನ?” ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಅರಣ್ಯ ಇಲಾಖೆಯವರ ವಿಚಾರಣೆ ನಡೆಯಿತು. ನನ್ನ ಹೇಳಿಕೆಗೆ ಸಹಿ ಹಾಕಿ ಬಂದಿದ್ದೇನೆ.

ಸುಚೇತಾ

*

ಬೈಲಹೊಂಗಲ
9 ಫೆಬ್ರವರಿ 2025

ಸುಚೇತಾ,

ನಿನ್ನ ಪತ್ರವನ್ನು ಲೀಲಾಳಿಗೆ ಓದಿ ಹೇಳಲಿಲ್ಲ.

ಈ ದೇಶದಲ್ಲಿ ಪ್ರತಿಯೊಂದಕ್ಕೂ ಕಾನೂನಿದೆ, ಕಾಯುವವರಿಲ್ಲ. ಆ ಕೊಲ್ಲಿಗೆ ಒಬ್ಬ ಕಾವಲುಗಾರನನ್ನು ಇಡಲು ಎಷ್ಟು ಖರ್ಚಾಗುತ್ತಿತ್ತು? ದೋಣಿ ನಡೆಸುವವರಿಗೆ ಪರವಾನಗಿ ಕೊಡುವಾಗ ಏನನ್ನು ನೋಡಿ ಕೊಡುತ್ತಾರೆ? 1974ರಿಂದ ಇವತ್ತಿನವರೆಗೆ ಏನು ಬದಲಾಗಿದೆ? ಪ್ರವಾಸಿಗಳಿಗೆ ಬುದ್ಧಿ ಇಲ್ಲ ಎಂದು ಬೈಯುವುದು ಸುಲಭ, ಅವರನ್ನು ಅಲ್ಲಿಗೆ ಹೋಗಲು ಬಿಟ್ಟವರು ಯಾರು? ದೆಹಲಿಗೆ ಬರೆಯುತ್ತೇನೆ. ಮಂತ್ರಿಗೇ ಬರೆಯುತ್ತೇನೆ.

ಮರಿ ಹೇಗಿದೆ? ಅದರ ಬಗ್ಗೆ ನೀನು ಏನೂ ಬರೆದಿಲ್ಲ. ಹುಲ್ಲು ತಿನ್ನಲು ಕಲಿತಿದೆಯೇ?

ಕಾಕಾ

*

ನೀಲ್ ದ್ವೀಪ
2 ಮಾರ್ಚ್ 2025

ಕಾಕಾ,

ಯಾರಿಗೂ ಬರೆಯಬೇಡಿ. ದಯವಿಟ್ಟು.

ಮರಿ ಕೊಲ್ಲಿಯಲ್ಲೇ ಇದೆ. ಹುಲ್ಲು ಸ್ವಲ್ಪ ಸ್ವಲ್ಪ ಹರಿಯುತ್ತದೆ, ಅರ್ಧ ಉಗುಳುತ್ತದೆ. ಯಾವ ದೋಣಿ ಬಂದರೂ ಅದರ ತಳಕ್ಕೆ ಹೋಗಿ ಮೈ ತಿಕ್ಕುತ್ತದೆ. ದೊಡ್ಡದು, ಬೂದುಬಣ್ಣದ್ದು, ಮೇಲೆ ತೇಲುವಂಥದ್ದು ಎಲ್ಲವೂ ಅದಕ್ಕೆ ತಾಯಿ. ಡುಂಗಿಯ ತಳದ ಹಲಗೆಗಳ ಸಂದಿಯಲ್ಲಿ ಮೂತಿ ಇಟ್ಟು ಹಾಲು ಹುಡುಕುತ್ತದೆ. ದೋಣಿಗಳಿಗೆ ಒಗ್ಗಿಕೊಂಡರೆ ಇದೂ ಸಾಯುತ್ತದೆ, ಆದ್ದರಿಂದ ಓಡಿಸಬೇಕು ಎಂದು ಅರಣ್ಯ ಇಲಾಖೆಯವರು ಹೇಳಿದ್ದಾರೆ. ದಿನವೂ ದಾದಾ ತಗಡಿನ ಡಬ್ಬ ಬಡಿಯುತ್ತಾನೆ. ಅದು ಹೋಗುತ್ತದೆ, ಹತ್ತು ಮಾರು ದೂರ ನಿಂತು ನೋಡುತ್ತದೆ, ಮತ್ತೆ ಬರುತ್ತದೆ. ನಿನ್ನೆ ಅವನು ಡಬ್ಬವನ್ನು ನನ್ನ ಕೈಗೆ ಕೊಟ್ಟು ಇನ್ನು ನೀನೇ ಬಡಿ ಎಂದ.

ಸುಚೇತಾ

*

ಬೈಲಹೊಂಗಲ
17 ಮಾರ್ಚ್ 2025

ಸುಚೇತಾ,

ಮೂರು ಪತ್ರ ಬರೆದು ಹರಿದೆ. ಇದು ನಾಲ್ಕನೆಯದು.

ಡಿಸೆಂಬರ್ ಒಂದರ ವಾರಪತ್ರಿಕೆಯಲ್ಲಿ ‘ಕಡಲಹಸುವನ್ನು ಕಾಯುವವರು ಯಾರು’ ಎಂಬ ಲೇಖನ ಬಂತು. ಅದನ್ನು ಬರೆದವನು ನಾನು. ನಿನ್ನ ಮಾತುಗಳನ್ನೇ ಎತ್ತಿ ಬರೆದೆ, ದೀಪಸ್ತಂಭ, ಮುರಿದ ಜೆಟ್ಟಿ, ನಲವತ್ತು ನಿಮಿಷ, ಎಲ್ಲವನ್ನೂ. ಕೊಲ್ಲಿಯ ಹೆಸರನ್ನೂ ಹಾಕಿದೆ. ಖಚಿತವಾಗಿ ಹೇಳದಿದ್ದರೆ ಅಧಿಕಾರಿಗಳು ಜಾರಿಕೊಳ್ಳುತ್ತಾರೆ ಎಂಬುದು ನನ್ನ ನಲವತ್ತು ವರ್ಷದ ಅನುಭವ. ಯಾವ ಅಧಿಕಾರಿಯೂ ಅದನ್ನು ಓದಲಿಲ್ಲ. ಯರಗಟ್ಟಿಯವರು ಓದಿದರು. ನೋಡಲು ಹೊರಟಿದ್ದೇವೆ ಎಂದು ಸಂಪಾದಕರ ಮೂಲಕ ನನಗೆ ಹೇಳಿಕಳಿಸಿದರು.

ನಿನ್ನ ಡಿಸೆಂಬರ್ ಪತ್ರ ಬಂದ ಮರುದಿನ ಬಸ್ಸು ಹತ್ತಿ ಯರಗಟ್ಟಿಗೆ ಹೋದೆ. ಲೀಲಾಳಿಗೆ ನೆಪ ಬೇಕಿತ್ತು, ಅಂಡಮಾನಿಗೆ ಹೋಗುವವರ ಕೈಗೆ ಸುಚೇತಾಳ ಚಟ್ನಿ ಕೊಟ್ಟುಬರುತ್ತೇನೆ ಎಂದೆ. ಸೋಮಪ್ಪ ಹತ್ತಿಯ ಅಂಡಿಗೆಗಳ ನಡುವೆ ಕೂತಿದ್ದ. ನನ್ನ ಲೇಖನವನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡಿದ್ದ. ಆ ಕೊಲ್ಲಿಗೆ ಹೋಗಬೇಡಿ ಎಂದೆ. ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದ: “ಏ ಸರ್, ನೀವ ಬರದೀರಿ, ಓದಿ ನಮ್ಮವ್ವ ಕಣ್ಣೀರ ಹಾಕ್ಯಾಳ. ನೋಡಾಕ ಹೋಗಬ್ಯಾಡ ಅಂದ್ರ ಹ್ಯಾಂಗ? ನೋಡಬಾರದು ಅಂದಿದ್ರ ಪೇಪರನ್ಯಾಗ ಯಾಕ ಹಾಕಿದ್ರಿ?” ಅಂಗಡಿಯಲ್ಲಿದ್ದವರು ನಕ್ಕರು. “ನಿಮ್ಮ ಅಣ್ಣನ ಮಗಳ ಅಲ್ಲೇ ಅದಾಳ, ಆಕೀನ ತೋರಸ್ತಾಳ ಬಿಡ್ರಿ. ಚಹಾ ಕುಡೀರಿ.” ಚಹಾ ಕುಡಿದೆ. ಚಟ್ನಿಯ ಡಬ್ಬಿ ಕೊಟ್ಟೆ. ಬಂದೆ.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಅವರು ಹೊರಡಲು ಇನ್ನೂ ಹದಿನೆಂಟು ದಿನವಿತ್ತು. ಲೀಲಾಳ ಕೈಯಿಂದ ನಿನಗೊಂದು ಫೋನು ಮಾಡಿಸಿದ್ದರೆ ಸಾಕಿತ್ತು. ನೀನು ಯಾರನ್ನಾದರೂ ಎಚ್ಚರಿಸುತ್ತಿದ್ದೆ, ಕೊಲ್ಲಿಯ ಬಾಯಿಗೆ ನಾಲ್ಕು ದೋಣಿ ಅಡ್ಡ ನಿಲ್ಲಿಸುತ್ತಿದ್ದೆ. ಮಾಡಿಸಲಿಲ್ಲ. ಮಾಡಿಸಿದ್ದರೆ ನಾನು ಮಾಡಿದ್ದನ್ನು ನಿನಗೂ ಅವಳಿಗೂ ಹೇಳಬೇಕಾಗುತ್ತಿತ್ತು. ದಿನವೂ ಸಂಜೆ ನಾಳೆ ಹೇಳೋಣ ಎಂದುಕೊಂಡೆ.

ವಿಚಾರಣೆಯವರಿಗೆ ನನ್ನ ಹೆಸರು ಕೊಡು. ಅಲ್ಲಿಗೆ ಕರೆದರೂ ಬರುತ್ತೇನೆ. ಪತ್ರಿಕೆಗೆ ಇನ್ನು ಬರೆಯುವುದಿಲ್ಲ ಎಂದು ಸಂಪಾದಕರಿಗೆ ತಿಳಿಸಿದೆ. ಅವರು ಬೇಸರಪಟ್ಟರು. ಆ ಲೇಖನಕ್ಕೆ ಬಂದಷ್ಟು ಮೆಚ್ಚುಗೆ ಯಾವುದಕ್ಕೂ ಬಂದಿರಲಿಲ್ಲವಂತೆ.

ದಿಗಂಬರ

*

ನೀಲ್ ದ್ವೀಪ
8 ಏಪ್ರಿಲ್ 2025

ಕಾಕಾ,

ನನಗೆ ಜನವರಿ ಹದಿನಾಲ್ಕರಿಂದಲೇ ಗೊತ್ತಿತ್ತು. ಜೆಟ್ಟಿಯ ಮೇಲೆ ಸೋಮಪ್ಪ ಚಟ್ನಿಯ ಡಬ್ಬಿಯ ಜೊತೆ ಆ ಕತ್ತರಿಸಿದ ಕಾಗದವನ್ನೂ ತೋರಿಸಿ, “ನಿಮ್ಮ ಕಾಕಾರು ಬರದಾರ, ಎಷ್ಟು ಛಲೋ ಬರದಾರ” ಎಂದು ಗಟ್ಟಿಯಾಗಿ ಓದಿದ. ನಾನು ಹೋಗಬೇಡಿ ಎಂದು ಬೇಡಿಕೊಂಡೆ. ಬೇರೆ ಜಾಗ ತೋರಿಸುತ್ತೇನೆ ಎಂದೆ. ಸರಿ ಎಂದರು. ನಂಬಲಿಲ್ಲ, ಅದಕ್ಕೇ ಮರುದಿನ ಆ ಬಂಡೆಗೆ ಹೋಗಿದ್ದೆ. ನೀರಿಗೆ ಇಳಿಯದೆ ಮೇಲೆ ಕಾದಿದ್ದರೆ ಅಡ್ಡ ನಿಲ್ಲಬಹುದಿತ್ತು. ಅತಿಥಿಗಳು ಹಣ ಕೊಟ್ಟಿದ್ದರು, ಇಳಿದೆ. ಇದು ನನ್ನ ಪಾಲಿನದು.

ವಿಚಾರಣೆಯವರ ಬಳಿಯೂ ಆ ಕಾಗದವಿತ್ತು, ಯಾರೋ ಹಿಂದಿಗೆ ಮಾಡಿಕೊಟ್ಟಿದ್ದರು. ‘ಮರೆಯದ ನಾಗರಿಕ’ ಯಾರು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಆದರೆ ಅದರಲ್ಲಿರುವ ಮಾಹಿತಿ ನನ್ನದು, ಹೊರಗೆ ಹೋದದ್ದು ನನ್ನಿಂದ ಎಂದು ಬರೆದು ಸಹಿ ಹಾಕಿದೆ. ಮೊದಲನೆಯದು ಸುಳ್ಳು, ಎರಡನೆಯದು ನಿಜ. ಅದಕ್ಕೆ ಶಿಕ್ಷೆಯಾಗಿ ಇನ್ನು ಮೂರು ವರ್ಷ ನಾನು ಇಲ್ಲಿ ಮುಳುಗುವಂತಿಲ್ಲ. ದಂಡೆಯ ಮೇಲೆ ಕೂತು ಬೇರೆಯವರ ಸಿಲಿಂಡರುಗಳಿಗೆ ಗಾಳಿ ತುಂಬುತ್ತೇನೆ. ಡುಂಗಿಯಲ್ಲಿ ಕೂತು ಡಬ್ಬ ಬಡಿಯುವುದಕ್ಕೆ ಮಾತ್ರ ಯಾರೂ ಬೇಡವೆಂದಿರಲಿಲ್ಲ. ನಿಮ್ಮ ಹೆಸರು ಕೊಡುವುದಿಲ್ಲ, ಕೊಟ್ಟರೆ ಯಾರಿಗೂ ಉಪಯೋಗವಿಲ್ಲ.

ನೀವೇ ಇದನ್ನು ಹೇಳುವ ಪತ್ರಕ್ಕೆ ಎರಡು ತಿಂಗಳು ಕಾದೆ. ಮಂತ್ರಿಗೆ ಬರೆಯುತ್ತೇನೆ ಎಂಬುದನ್ನು ಓದಿದ ದಿನ ಇನ್ನು ನೀವು ಹೇಳುವುದಿಲ್ಲ ಎಂದುಕೊಂಡೆ. ಹೇಳಿದಿರಿ. ಅದಕ್ಕೆ ಈ ಉತ್ತರ.

ಮರಿ ಏಪ್ರಿಲ್ ಎರಡರಂದು ಕೊಲ್ಲಿಯ ಮೂಡಣ ದಂಡೆಗೆ ಬಂದು ಬಿದ್ದಿತ್ತು. ಅಳತೆ ಹಿಡಿಯಲು ನನ್ನನ್ನು ಕರೆದರು. ಒಂದು ಮೀಟರ್ ನಲವತ್ತೊಂದು ಸೆಂಟಿಮೀಟರ್. ಹೊಟ್ಟೆಯಲ್ಲಿ ಒಂದು ಹಿಡಿ ಹುಲ್ಲು, ಉಳಿದದ್ದೆಲ್ಲ ಮರಳು. ಗುರುಬಸವ್ವ ಫೋನು ಮಾಡಿ ಕೇಳಿದರೆ ಕಾಕು ಏನನ್ನಾದರೂ ಹೇಳಲಿ, ಇದನ್ನು ಹೇಳುವುದು ಬೇಡ.

ನಾನು ನಿಮಗೆ ಪತ್ರ ಬರೆಯುವುದನ್ನು ನಿಲ್ಲಿಸುವುದಿಲ್ಲ. ನಿಮಗೆ ಬೇರೆ ದಾರಿ ಇಲ್ಲ, ನನಗೂ ಹೆಚ್ಚು ಜನರಿಲ್ಲ. ಮಳೆ ಬಂತು, ಅಕ್ಕಿ ತುಟ್ಟಿಯಾಯಿತು, ಜ್ವರ ಬಂದು ಹೋಯಿತು, ಇಂಥವನ್ನೆಲ್ಲ ಬರೆಯುತ್ತೇನೆ. ನೀರೊಳಗೆ ಏನಿದೆ ಎಂದು ಮಾತ್ರ ಇನ್ನು ಕೇಳಬೇಡಿ.

ಸುಚೇತಾ